ಚದುರಂಗದ ಕುದುರೆ: ಮೂರು ಪ್ರಶ್ನೆ

ಪ್ರಶ್ನೆ: ಅಜ್ಜ ಕಲಿಸಿದ ಚದುರಂಗದಲ್ಲಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು, ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದು. ಮಗಳ ಶಾಲೆಯ ಪಂದ್ಯದಲ್ಲಿ ಇದು ತಪ್ಪು ಎಂದರು. ಯಾವುದು ಸರಿ? (ಓದುಗರು, ಸಾಗರ)

ಉತ್ತರ: ಅಜ್ಜನ ಆಟ ತಪ್ಪಲ್ಲ, ಅದು ನಮ್ಮ ಕಡೆಯ ಹಳೇ ಪದ್ಧತಿ. ಪಂದ್ಯಗಳು ಮಾತ್ರ ಅಂತಾರಾಷ್ಟ್ರೀಯ ನಿಯಮದಂತೆ ನಡೆಯುತ್ತವೆ. ಮನೆಯಲ್ಲಿ ಕಲಿತ ಮಕ್ಕಳು ಹೆಚ್ಚಾಗಿ ಎಡವುವುದು ಕ್ಯಾಸ್ಲಿಂಗ್‌ನಲ್ಲಿ, ಅಂದರೆ ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಅದೇ ನಡೆಯಲ್ಲಿ ಆನೆ ರಾಜನನ್ನು ದಾಟಿ ಪಕ್ಕಕ್ಕೆ ಬರುವ ನಡೆಯಲ್ಲಿ. ರಾಜ, ಆನೆ ಎರಡೂ ಅಲ್ಲಿಯವರೆಗೆ ಕದಲಿರಬಾರದು, ನಡುವೆ ಕಾಯಿ ಇರಬಾರದು. ರಾಜನಿಗೆ ಚೆಕ್ ಇರಬಾರದು, ಅವನು ದಾಟುವ ಮನೆಗೂ ಸೇರುವ ಮನೆಗೂ ಎದುರಾಳಿಯ ಹೊಡೆತ ಇರಬಾರದು. ಮೊದಲು ರಾಜನನ್ನೇ ಮುಟ್ಟಿ ಎರಡು ಮನೆ ಸರಿಸಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಅದರೊಂದಿಗೆ ಕ್ಯಾಸ್ಲಿಂಗ್ ಇಲ್ಲ. ಇನ್ನೊಂದು: ಕೊನೆ ಸಾಲು ತಲುಪಿದ ಪದಾತಿ ಆ ಮನೆಯ ಮೂಲ ಕಾಯಿಯೇ ಆಗಬೇಕೆಂದಿಲ್ಲ. ಹಳೇ ಮಂತ್ರಿ ಹಲಗೆಯ ಮೇಲಿದ್ದರೂ ಇನ್ನೊಂದು ಮಂತ್ರಿ ಪಡೆಯಬಹುದು.

ಪ್ರಶ್ನೆ: ಈ ಆಟ ಹುಟ್ಟಿದ್ದು ಇಲ್ಲೇ ಎನ್ನಲು ಆಧಾರವೇನು? (ಓದುಗರು, ಹಾವೇರಿ)

ಉತ್ತರ: 7ನೇ ಶತಮಾನದ ಬಾಣ 'ಹರ್ಷಚರಿತ'ದಲ್ಲಿ ಎಂಟೆಂಟು ಮನೆಗಳ ಹಲಗೆಯಾದ ಅಷ್ಟಾಪದವನ್ನೂ ಚತುರಂಗವನ್ನೂ ಒಟ್ಟಿಗೆ ಹೆಸರಿಸುತ್ತಾನೆ. ರಥ, ಆನೆ, ಕುದುರೆ, ಕಾಲಾಳು: ಸೇನೆಯ ಈ ನಾಲ್ಕು ಅಂಗಗಳೇ ಹೆಸರಿಗೆ ಮೂಲ. ಪರ್ಷಿಯನ್ನರ ಬಾಯಲ್ಲಿ ಅದು ಚತ್ರಂಗ್, ಅರಬರಲ್ಲಿ ಶತ್ರಂಜ್ ಆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲೂ ಚದುರಂಗದ ಭಾಗವಿದೆ. ಹಳೇ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಅವನಿಗೆ ಇಂದಿನ ಬಲ ಬಂದದ್ದು 15ನೇ ಶತಮಾನದ ಕೊನೆಗೆ, ಯೂರೋಪಿನಲ್ಲಿ. ಕುದುರೆಯ ನೆಗೆತ ಮಾತ್ರ ಆಗ ಹೇಗಿತ್ತೋ ಈಗಲೂ ಹಾಗೇ ಇದೆ.

ಪ್ರಶ್ನೆ: ಒಂದೇ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸಲು ಹೊರಟರೆ 55-60ರ ಹತ್ತಿರ ಸಿಕ್ಕಿಬೀಳುತ್ತೇನೆ. ಉಪಾಯವಿದೆಯೇ? (ಓದುಗರು, ಮೈಸೂರು)

ಉತ್ತರ: ನಿಮ್ಮ ಊರಿನ ದೊರೆಯೇ ಇದರಲ್ಲಿ ನಿಪುಣರು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ರಚಿಸಿದ ಒಂದು ಸುತ್ತಿನಲ್ಲಿ ಕುದುರೆ ಕಾಲಿಟ್ಟ ಕ್ರಮದಂತೆ ಮನೆಗಳಿಗೆ 1ರಿಂದ 64 ಬರೆದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗ 260 ಬರುತ್ತದೆ! ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ 'ಕೌತುಕನಿಧಿ' ಆಟಗಳಿಗೇ ಮೀಸಲು.

ನೀವು ಸಿಕ್ಕಿಬೀಳುವುದು ಬಹುಶಃ ಮೂಲೆಗಳಿಂದ. ನಡುವಿನ 16 ಮನೆಗಳಿಂದ ಕುದುರೆಗೆ 8 ದಾರಿ. ಮೂಲೆಗೆ ಎರಡೇ. ಉದ್ದಸಾಲುಗಳಿಗೆ ಎಡದಿಂದ ಎ, ಬಿ, ಸಿ ಎಂದೂ ಅಡ್ಡಸಾಲುಗಳಿಗೆ ಕೆಳಗಿನಿಂದ 1, 2, 3 ಎಂದೂ ಹೆಸರು. ಎಡ ಕೆಳಮೂಲೆ ಎ1 ನೋಡಿ: ಅಲ್ಲಿಗೆ ಬಿ3 ಅಥವಾ ಸಿ2ರಿಂದ ಮಾತ್ರ ಬರಬಹುದು. ಬಿ3ಕ್ಕೆ ಬಂದವರು ಎ1ಕ್ಕೆ ಹೋಗದೆ ಬೇರೆಡೆ ಹೊರಟರೆ ಮೂಲೆಗೆ ಉಳಿಯುವುದು ಸಿ2 ಒಂದೇ ಬಾಗಿಲು. ಒಳಗೆ ಹೋದರೆ ಹೊರಬರಲಾಗದು, ಆಟ ಅಲ್ಲೇ ಮುಗಿಯಬೇಕು. ಹೀಗೆ ಎರಡು ಮೂಲೆ ಕೆಟ್ಟರೆ ಸುತ್ತು ಪೂರ್ತಿಯಾಗುವುದಿಲ್ಲ.

1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿದ ಸೂತ್ರ ಹಿಡಿಯಿರಿ: ಮುಂದೆ ಹೋಗಬಹುದಾದ ಮನೆಗಳಲ್ಲಿ ಯಾವುದರಿಂದ ಮುಂದಕ್ಕೆ ಅತಿ ಕಡಿಮೆ ಖಾಲಿ ದಾರಿ ಉಳಿದಿದೆಯೋ ಅಲ್ಲಿಗೇ ಹೋಗಿ. ಸರಿಸಮ ಬಂದಾಗ ಒಮ್ಮೊಮ್ಮೆ ಎಡವಬಹುದು. ಆಗ ನಾಲ್ಕೈದು ನಡೆ ಹಿಂದೆ ಬಂದು ಇನ್ನೊಂದು ಮನೆ ಆರಿಸಿ. ಕಾಯಿಗಿಂತ ಚೌಕುಳಿ ಕಾಗದ, ಪೆನ್ಸಿಲ್, ರಬ್ಬರ್ ವಾಸಿ. ಪ್ರತಿ ಮನೆಯಲ್ಲೂ ನಡೆಯ ಸಂಖ್ಯೆ ಬರೆದರೆ ಹಿಂದೆ ಬರುವುದು ಸುಲಭ. ಹೊರಟ ಮನೆಗೇ ಮರಳಿ ಸೇರುವ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚಿವೆ. ಮೊದಲ ಸುತ್ತನ್ನು ಮೂಲೆಯಿಂದಲೇ ಶುರುಮಾಡಿ, ಒಂದು ಮೂಲೆಯ ಚಿಂತೆ ಅಲ್ಲಿಗೇ ತೀರುತ್ತದೆ.