ಮೀನಿನ ತೊಟ್ಟಿಯ ಗಿಡಗಳಿಗೆ ಎಷ್ಟು ಬೆಳಕು ಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಅಕ್ವೇರಿಯಂ ಇದೆ. ಅನೂಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ ಗಿಡಗಳಿವೆ. ತೊಟ್ಟಿಯ ಜೊತೆಗೆ ಬಂದಿದ್ದ ಪುಟ್ಟ ದೀಪದಲ್ಲಿ ಹೈಗ್ರೊಫಿಲಾ ಸೊರಗಿ ಉದ್ದಕ್ಕೆ ಬೆಳೆದು, ಕೆಳಗಿನ ಎಲೆಗಳನ್ನೆಲ್ಲ ಉದುರಿಸಿಕೊಂಡಿತು. ಆಮೇಲೆ 40 ವ್ಯಾಟ್‌ನ ಎಲ್‌ಇಡಿ ತಂದು ದಿನಕ್ಕೆ 11 ಗಂಟೆ ಉರಿಸಿದೆ. ಮೂರೇ ವಾರದಲ್ಲಿ ಎಲ್ಲ ಕಡೆ ನೂಲಿನಂಥ ಹಸಿರು ಪಾಚಿ. ದೀಪ ಕೊಳ್ಳುವಾಗ ವ್ಯಾಟ್ ನೋಡಿ ಎಂದು ಒಬ್ಬರು, ಲ್ಯೂಮೆನ್ ನೋಡಿ ಎಂದು ಇನ್ನೊಬ್ಬರು, ಕೆಲ್ವಿನ್ ನೋಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದನ್ನು ನಂಬಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮೊದಲ ದೀಪದಲ್ಲಿ ಬೆಳಕು ಸಾಲಲಿಲ್ಲ, ಎರಡನೆಯದರಲ್ಲಿ ಮಿತಿಮೀರಿತು. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಆ ಹಸಿವಿಗೆ ತಕ್ಕಷ್ಟು ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರ ನೀರಿನಲ್ಲಿ ಇಲ್ಲದಿದ್ದರೆ ಗಿಡ ನಿಂತಲ್ಲೇ ನಿಲ್ಲುತ್ತದೆ, ಉಳಿದ ಬೆಳಕನ್ನು ಪಾಚಿ ಉಣ್ಣುತ್ತದೆ. ಆದ್ದರಿಂದ ದೀಪ ಕೊಳ್ಳುವ ಮೊದಲು ಗಿಡಗಳನ್ನು ನೋಡಬೇಕು. ಅನೂಬಿಯಾಸ್ ಆಫ್ರಿಕಾದ ಕಾಡುಗಳ ನೆರಳಿನ ತೊರೆಗಳಿಂದ ಬಂದದ್ದು. ಜಾವಾ ಫರ್ನ್ ಕೂಡ ನೆರಳಿಗೆ ಒಗ್ಗಿದ ಗಿಡ. ನಿಮ್ಮ ನಾಲ್ಕು ಗಿಡಗಳಲ್ಲಿ ತುಸು ಹೆಚ್ಚು ಬೆಳಕು ಕೇಳುವುದು ಹೈಗ್ರೊಫಿಲಾ ಮಾತ್ರ, ಅದೂ ಮಧ್ಯಮ ಬೆಳಕಿನಲ್ಲಿ ಸುಖವಾಗಿರುತ್ತದೆ.

ಇನ್ನು ಅಂಗಡಿಯ ಲೆಕ್ಕಗಳಿಗೆ ಬರೋಣ. ವ್ಯಾಟ್ ಎಂದರೆ ದೀಪ ಎಷ್ಟು ವಿದ್ಯುತ್ ಬಳಸುತ್ತದೆ ಎಂಬ ಲೆಕ್ಕ, ಎಷ್ಟು ಬೆಳಕು ಕೊಡುತ್ತದೆ ಎಂಬುದಲ್ಲ. ಟ್ಯೂಬ್‌ಲೈಟ್ ಕಾಲದಲ್ಲಿ ಗ್ಯಾಲನ್‌ಗೆ ಇಷ್ಟು ವ್ಯಾಟ್ ಎಂಬ ಸೂತ್ರ ನಡೆಯುತ್ತಿತ್ತು, ಎಲ್‌ಇಡಿ ಬಂದ ಮೇಲೆ ಅದಕ್ಕೆ ಅರ್ಥವಿಲ್ಲ. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣವನ್ನು. 6500 ಕೆಲ್ವಿನ್ ಹಗಲಿನ ಬಿಳಿಗೆ ಹತ್ತಿರ, 10000 ನೀಲಿಗೆ ತಿರುಗಿದ್ದು. 5000ದಿಂದ 7000ದವರೆಗೆ ಯಾವುದನ್ನಾದರೂ ನಿಮ್ಮ ಕಣ್ಣಿಗೆ ಹಿತವಾಗುವಂತೆ ಆರಿಸಿಕೊಳ್ಳಿ, ಗಿಡ ತಕರಾರು ಮಾಡುವುದಿಲ್ಲ.

ಲ್ಯೂಮೆನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಖರವಾಗಿ ಕಾಣುತ್ತದೆ, ಹಾಗಾಗಿ ಹಸಿರಿಗೆ ಹೆಚ್ಚು ಅಂಕ, ಕೆಂಪು ಮತ್ತು ನೀಲಿಗೆ ಕಡಿಮೆ. ಗಿಡವಾದರೋ ನೇರಳೆಯಿಂದ ಕೆಂಪಿನವರೆಗೆ, ಅಂದರೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕನ್ನೆಲ್ಲ ಬಳಸುತ್ತದೆ. ಅದನ್ನು ಅಳೆಯುವ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. ತೊಟ್ಟಿಯ ತಳದ ಮರಳಿನ ಮಟ್ಟದಲ್ಲಿ ಪಾರ್ 15ರಿಂದ 30 ಇದ್ದರೆ ಮಂದ ಬೆಳಕು, 30ರಿಂದ 50 ಇದ್ದರೆ ಮಧ್ಯಮ. ಅದಕ್ಕೂ ಮೇಲೆ ಹೋದರೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ತೊಟ್ಟಿಯನ್ನು ನಿಭಾಯಿಸುವುದು ಕಷ್ಟ. ಪಾರ್ ಮೀಟರ್ ದುಬಾರಿ, ಮನೆಯ ಒಂದು ತೊಟ್ಟಿಗಾಗಿ ಕೊಳ್ಳುವಂಥದ್ದಲ್ಲ. ಬಿಳಿ ಎಲ್‌ಇಡಿ ಮಟ್ಟಿಗೆ ಲ್ಯೂಮೆನ್ ಲೆಕ್ಕವೇ ಸಾಕಷ್ಟು ಕೆಲಸ ಮಾಡುತ್ತದೆ. ಕೆಂಪು ನೀಲಿ ಬೆರೆತ ನೇರಳೆ ದೀಪಗಳಿಗೆ ಮಾತ್ರ ಆ ಲೆಕ್ಕ ಅನ್ವಯಿಸಬೇಡಿ.

ನಿಮ್ಮ ತೊಟ್ಟಿ ತುಂಬಿದರೆ ಸುಮಾರು 56 ಲೀಟರ್, ಮರಳು ಕಲ್ಲು ಕಳೆದರೆ ಹೆಚ್ಚುಕಡಿಮೆ 50. ಮಧ್ಯಮ ಬೆಳಕಿಗೆ ಲೀಟರಿಗೆ 20ರಿಂದ 25 ಲ್ಯೂಮೆನ್ ಎಂದರೆ 1000ದಿಂದ 1250 ಲ್ಯೂಮೆನ್ ಆಯಿತು. ಒಳ್ಳೆಯ ಎಲ್‌ಇಡಿ ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ, ಅಂದರೆ 10–12 ವ್ಯಾಟ್ ಸಾಕು. ನೀವು ಅದರ ಮೂರು ಪಟ್ಟು ಸುರಿದಿದ್ದೀರಿ, ಅದೂ 11 ಗಂಟೆ.

ಹಾಗೆಂದು ಹೊಸ ದೀಪಕ್ಕೆ ಈಗಲೇ ಹಣ ಹಾಕಬೇಡಿ. ಇರುವ ದೀಪದಲ್ಲಿ ಬೆಳಕು ತಗ್ಗಿಸುವ ಗುಂಡಿ ಇದ್ದರೆ ಮೂರನೇ ಒಂದು ಭಾಗಕ್ಕೆ ಇಳಿಸಿ. ಇಲ್ಲವೆಂದರೆ ಎಂಟು ಹತ್ತು ಅಂಗುಲ ಮೇಲಕ್ಕೆ ಎತ್ತಿ. ದಿನಕ್ಕೆ ಆರು ಗಂಟೆ ಮಾತ್ರ ಉರಿಸಿ, ತಿಂಗಳ ನಂತರ ಏಳಕ್ಕೋ ಎಂಟಕ್ಕೋ ಏರಿಸಬಹುದು. ನೂಲು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು ತೆಗೆಯಿರಿ.

ನನ್ನ ಮೊದಲ ತೊಟ್ಟಿಯಲ್ಲೂ ಇದೇ ಆಗಿತ್ತು. ಅನೂಬಿಯಾಸ್ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದರೆ ಕಂದು ಧೂಳು ಮಾತ್ರ ಹೋಗುತ್ತಿತ್ತು. ಸಾಸಿವೆ ಕಾಳಿನಷ್ಟು ಗಾತ್ರದ ಹಸಿರು ಚುಕ್ಕೆಗಳು ಅಲುಗುತ್ತಿರಲಿಲ್ಲ. ಕಂದು ಧೂಳು ಹೊಸ ತೊಟ್ಟಿಗಳಲ್ಲಿ ಬಂದು ತಾನಾಗಿ ಹೋಗುವಂಥದ್ದು. ಚುಕ್ಕೆಗಳು ಅತಿ ಬೆಳಕಿನವು. ದೀಪದ ಎರಡು ತುದಿಗೂ ಮರದ ತುಂಡು ಕೊಟ್ಟು ಎತ್ತಿದೆ, ಕಾದೆ. ಹಳೆಯ ಎಲೆಗಳ ಚುಕ್ಕೆ ಹೋಗಲೇ ಇಲ್ಲ. ಆದರೆ ಒಂದು ಬೆಳಿಗ್ಗೆ, ಸುರುಳಿ ಸುತ್ತಿಕೊಂಡಿದ್ದ ತಿಳಿಹಸಿರು ಎಲೆಯೊಂದು ಒಂದೂ ಕಲೆಯಿಲ್ಲದೆ ಬಿಚ್ಚಿಕೊಂಡಿತ್ತು. ಆ ಸಂತೋಷ ಇಂದಿಗೂ ನೆನಪಿದೆ. ನೀವೂ ಹಳೆಯ ಎಲೆ ನೋಡಿ ಬೇಸರಪಡಬೇಡಿ, ಹೊಸ ಚಿಗುರನ್ನು ನೋಡಿ. ಹೈಗ್ರೊಫಿಲಾದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತಿದ್ದರೆ ಬೆಳಕನ್ನು ತುಸು ಏರಿಸಿ, ಎರಡು ಮೂರು ವಾರ ಕಾಯಿರಿ, ಮತ್ತೆ ನೋಡಿ.

ಟೈಮರ್ ಖಂಡಿತ ಹಾಕಿ. ಮುಳ್ಳು ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಪದೇ ಪದೇ ಕರೆಂಟ್ ಹೋಗುವ ಕಡೆ, ಕೆಲವು ದಿನಗಳಲ್ಲಿ ದೀಪ ರಾತ್ರಿ ಹನ್ನೊಂದರವರೆಗೂ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ. ದೀಪದ ವೈರು ಪ್ಲಗ್‌ಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ, ವೈರಿನ ಮೇಲೆ ಹರಿದ ನೀರು ಪ್ಲಗ್ ಮುಟ್ಟದೆ ಕೆಳಗೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಕೆಂಪು ರೊಟಾಲಾ ಬೆಳೆಸುವ ಆಸೆ. ಒಳ್ಳೆಯ ದೀಪ ಇದ್ದರೆ ಸಾಕೇ?
— ಇನ್ನೊಬ್ಬ ಓದುಗರು

ಉತ್ತರ: ಸಾಲದು. ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ ಗಿಡ, ಆದರೂ ತೊಟ್ಟಿಯಲ್ಲಿ ಬೇಗ ಮುನಿಸಿಕೊಳ್ಳುತ್ತದೆ. ಪ್ರಖರ ಬೆಳಕಿನ ಜೊತೆಗೆ ಇಂಗಾಲದ ಡೈಆಕ್ಸೈಡ್, ನಿಯಮಿತ ದ್ರವ ಗೊಬ್ಬರ ಎರಡೂ ಬೇಕು. ಸಿಲಿಂಡರಿಗೆ ಹಣ ಕೂಡಿಸಿಕೊಂಡ ಮೇಲೆ ದೀಪ ಕೊಳ್ಳಿ.

ಪ್ರಶ್ನೆ: ತೊಟ್ಟಿಯನ್ನು ಕಿಟಕಿಯ ಬಳಿ ಇಟ್ಟರೆ ದೀಪವೇ ಬೇಡವಲ್ಲವೇ?
— ಮತ್ತೊಬ್ಬ ಓದುಗರು

ಉತ್ತರ: ನೇರ ಬಿಸಿಲು ಬೀಳುವ ಕಡೆ ಇಡಬೇಡಿ. ಬಿಸಿಲು ನಿಮ್ಮ ಹಿಡಿತದಲ್ಲಿರುವುದಿಲ್ಲ, ನೀರು ಹಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ಸಣ್ಣ ತೊಟ್ಟಿಯ ನೀರು ಮೀನಿಗೆ ತಡೆಯಲಾಗದಷ್ಟು ಕಾಯುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಕಿಟಕಿಯ ಕಡೆಯ ಗಾಜಿಗೆ ಹೊರಗಿನಿಂದ ಕಪ್ಪು ಹಾಳೆ ಅಂಟಿಸಿ, ಮೇಲೆ ದೀಪವನ್ನೇ ಹಾಕಿ.