ಗದಗ-ಬೆಟಗೇರಿ ತಂಡದ ಹಿರಿಯ ಸೆಂಟರ್ ಹಾಫ್ ಬಗ್ಗೆ

ಸರ, ನಡು ಮೈದಾನದಾಗ ಆಡೋ 38 ವರ್ಷದ ಸೆಂಟರ್ ಹಾಫ್‌ನ್ನ ನಿಮ್ಮ ಹಾಕಿ ತಂಡದಾಗ ಇನ್ನೂ ಇಟ್ಕೋಬೇಕೋ ಬಿಡಬೇಕೋ ಅಂತ ಕೇಳೀರಿ. ಇಟ್ಕೋರಿ, ಆದ್ರ ಪೂರ್ತಿ ಮ್ಯಾಚ್ ಅವರ ಮ್ಯಾಲೆ ಹಾಕಬ್ಯಾಡ್ರಿ. ಭಾರತ ತಂಡದ ಶ್ರೀಜೇಶ್ 36ನೇ ವಯಸ್ಸಿನಾಗ ಪ್ಯಾರಿಸ್ ಒಲಿಂಪಿಕ್ಸ್‌ನಾಗ ಕಂಚು ಗೆದ್ರು ಖರೆ, ಆದ್ರ ಅವರು ಗೋಲ್‌ಕೀಪರ್. ನಡು ಮೈದಾನದಾಗ ಓಡೋ ಕೆಲಸಾನ ಬ್ಯಾರೆ.

ಹಾಕಿಯಾಗ ಎಷ್ಟು ಸಲ ಬೇಕಾದ್ರೂ ಆಟಗಾರರನ್ನ ಬದಲಿ ಮಾಡಬಹುದು. 15 ನಿಮಿಷದ ಕ್ವಾರ್ಟರ್‌ನಾಗ ಅವರನ್ನ ಏಳೆಂಟು ನಿಮಿಷ ಆಡಸ್ರಿ. ಮೂರನೇ ಕ್ವಾರ್ಟರ್‌ನಾಗ ಕಣ್ಣಿಟ್ಟು ನೋಡ್ರಿ: ಚೆಂಡು ಕಳಕೊಂಡ ಮ್ಯಾಲೆ ತಿರುಗಿ ಓಡ್ತಾರೋ, ಸೊಂಟದ ಮ್ಯಾಲೆ ಕೈ ಇಟ್ಟು ನಿಂದರ್ತಾರೋ? ನಿಂತ್ರ ಆಗಿಂದಾಗ ಹೊರಗ ಕರೀರಿ. ಪೆನಾಲ್ಟಿ ಕಾರ್ನರ್ (ಎದುರಾಳಿ ತಮ್ಮ ಗೋಲಿನ ಹತ್ರ ತಪ್ಪು ಮಾಡಿದ್ರ ನಮಗ ಸಿಗೋ ಹೊಡೆತ) ಅವರ ಕೈಯಾಗ ಇರ್ಲಿ. ಆ ಮಣಿಕಟ್ಟಿನ ಕಸಬು ಹುಡುಗ್ರಿಗೆ ಲಗೂನ ಬರಂಗಿಲ್ಲ. ಅವರು ಹೊರಗ ಇದ್ದಾಗ, ನೀವು ಹೇಳಿದ ನಿಮ್ಮ ತಂಡದ 19 ವರ್ಷದ ಹುಡುಗನ್ನ ಅವರ ಜಾಗಾದಾಗ ಇಳಸ್ರಿ, ಬೆಂಚಿನಿಂದ ಅವರೇ ಕೂಗಿ ಹೇಳಲಿ. ಮತ್ತ ಇದನ್ನ ಮ್ಯಾಚಿನ ದಿನ ಹೇಳಬ್ಯಾಡ್ರಿ, ಮೊದಲೇ ಅವರ ಜೋಡಿ ಕುಂತು ಮಾತಾಡ್ರಿ.