ಕಟ್ಟೆಗೆ ನೀರು ಸುರಿಯುತ್ತಿದ್ದ ಅಂಗಡಿಯವರು

ಬಾಗಲಕೋಟೆ ನವನಗರದ ಪ್ರಕರಣ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಕಿರಾಣಿ ಅಂಗಡಿ ನಡೆಸುವ ಹೆಣ್ಣುಮಗಳು, ವಯಸ್ಸು ನಲವತ್ತೈದರ ಆಸುಪಾಸು. ರಾತ್ರಿ ನಿದ್ದೆ ಬರ್ತಿಲ್ಲ ಅನ್ನೋದು ದೂರು.

ಮಾತಾಡ್ತಾ ಹೋದಂತೆ ವಿಷಯ ಹೊರಬಿತ್ತು. ಅಂಗಡಿ ಮುಂದಿನ ಕಟ್ಟೆ ಮೇಲೆ ಒಬ್ಬ ಮುದುಕ ಮಲಗ್ತಾನೆ. ಅವನು ಮಲಗಬಾರದು ಅಂತ ಇವರು ಶಟರ್ ಎಳೆದ ಮೇಲೆ ದಿನಾ ಎರಡು ಕೊಡ ನೀರು ಸುರಿದು ಮನೆಗೆ ಹೋಗ್ತಾರೆ. ಅವನು ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕಟ್ಟೆ ಒಣಗೋವರೆಗೂ ಪಕ್ಕದಲ್ಲೇ ನಿಂತಿರ್ತಾನಂತೆ, ಜಗಳ ಇಲ್ಲ, ಬೈಗುಳ ಇಲ್ಲ. ಮನೆಗೆ ಹೋದರೆ ಇವರಿಗೆ ಎರಡೂ ಚಿಂತೆ: ಬೀಗ ಒಡೆದಾನಾ, ಇಲ್ಲಾ ಚಳಿಗೆ ಸತ್ತುಗಿತ್ತು ಹೋದಾನಾ. "ಸತ್ತರ ಪೊಲೀಸ್ರು ನನ್ನ ಕೇಳ್ತಾರಲ್ರಿ ಮೇಡಂ."

ಹಿಂದೊಮ್ಮೆ ಅಂಗಡಿ ಕಳವಾಗಿತ್ತು. ಕಳ್ಳ ಸಿಕ್ಕನಾ? ಇಲ್ಲ. ಆಗ ಈ ಮುದುಕ ಇಲ್ಲಿದ್ದನಾ? "ಇರಲಿಲ್ರಿ. ಆದ್ರ ಇಂಥವ್ರ ಮಾಡಿರ್ತಾರ."

ಪಾಪ ಅನ್ನಿ, ದಯೆ ತೋರಿಸಿ ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಜನ ತಲೆಯಾಡಿಸಿ ಎದ್ದು ಹೋಗ್ತಾರೆ, ಅಷ್ಟೇ. ಕಳವಾದ ಭಯ ನಿಜವಾದದ್ದೇ. ಅದನ್ನು ಯಾರ ತಲೆಗೆ ಕಟ್ಟಿದ್ದೀರಿ ಅನ್ನೋದನ್ನಷ್ಟೇ ನೋಡೋಣ ಅಂದೆ.

ಆಗ ಅವರು ಸಿಟ್ಟಾದರು. "ನಾವೂ ಮುಳುಗಡಿಯವ್ರರಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಾಗಿನ ಮನಿ ಹೋತು. ನಾವೇನು ಬೀದ್ಯಾಗ ಮಲಗಿದ್ವಾ?" ಒಳ್ಳೆಯ ಪ್ರಶ್ನೆ, ಸುಮ್ನೆ ದಾಟಿಸೋಕೆ ಮನಸ್ಸಾಗಲಿಲ್ಲ. ಮನೆ ಯಾರ ಹೆಸರಲ್ಲಿತ್ತು ಅಂತ ಕೇಳಿದೆ. ಅಪ್ಪನ ಹೆಸರಲ್ಲಿ. ಉತಾರ, ಅಂದರೆ ಆಸ್ತಿಯ ದಾಖಲೆ ಕಾಗದ, ಇತ್ತು, ಅದರ ಮೇಲೆ ಪರಿಹಾರ ಬಂತು, ನವನಗರದಲ್ಲಿ ಸೈಟೂ ಸಿಕ್ಕಿತು. ಆ ಕಾಗದ ಇಲ್ಲದಿದ್ದರೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋದರಮಾವನ ಮನ್ಯಾಗ ಇರ್ತಿದ್ವಿ" ಅಂದರು. ಆ ಮುದುಕನಿಗೆ ಅಂಥ ಮಾವ ಇದ್ದಾನಾ ಅಂತ ಇವರಿಗೆ ಗೊತ್ತಿಲ್ಲ, ಇಷ್ಟು ದಿನ ಹೆಸರನ್ನೂ ಕೇಳಿರಲಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 17 ಲಕ್ಷಕ್ಕಿಂತ ಜಾಸ್ತಿ ಜನ ಮನೆಯಿಲ್ಲದವರು. ಅಷ್ಟೂ ಜನ ಬೀಗ ಒಡೆಯೋರಾ?

ಸಲಹೆ ಕೊಟ್ಟಿದ್ದು ಇಷ್ಟು. ಅವನನ್ನು ನಂಬಲೇಬೇಕಿಲ್ಲ. ಅಂಗಡಿಗೆ ಗಟ್ಟಿ ಬೀಗ ಹಾಕಿ, ಕ್ಯಾಮೆರಾ ಹಾಕಿಸಿ, ಗಲ್ಲೆಯಲ್ಲಿ ರೊಕ್ಕ ಬಿಡಬೇಡಿ, ಯಾರೂ ಮಲಗದಿದ್ದರೂ ಇವೆಲ್ಲ ಬೇಕೇ ಅಲ್ವಾ. ನೀರು ಸುರಿಯೋದು ನಿಲ್ಲಿಸಿ, ಅದರಿಂದ ಕಳ್ಳತನ ತಪ್ಪಲ್ಲ, ನಿಮ್ಮ ನಿದ್ದೆ ಮಾತ್ರ ಹೋಗುತ್ತೆ. ಹಗಲಲ್ಲಿ ಹೆಸರು ಕೇಳಿ. ಕುಡಿದು ಗಲಾಟೆ ಮಾಡಿದರೆ ಎದ್ದು ಹೋಗು ಅನ್ನೋ ಹಕ್ಕು ನಿಮಗಿದೆ, ಆದರೆ ಅವನು ಮಾಡಿದ್ದಕ್ಕೆ ಬೈಯಿರಿ, ಮಾಡಬಹುದು ಅಂದುಕೊಂಡಿದ್ದಕ್ಕಲ್ಲ. ವಯಸ್ಸಾದವರಿಗೆ 14567 ಸಹಾಯವಾಣಿ ಇದೆ, ಬೀದಿಯಲ್ಲಿರುವ ವೃದ್ಧರ ವಿಷಯಕ್ಕೂ ಕರೆ ಮಾಡಬಹುದು. ಮನಸ್ಸು ಸ್ಥಿಮಿತದಲ್ಲಿಲ್ಲದೆ ಅಲೆಯುವವರಾದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ನೀರು ನಿಂತಿದೆ. ಹೆಸರೂ ಕೇಳಿದ್ದಾರೆ, ಅವನು ಹೇಳಿಲ್ಲ. ಅದಕ್ಕೆ ಅನುಮಾನ ಮತ್ತೆ ಜಾಸ್ತಿಯಾಗಿದೆಯಂತೆ. ಬೀದಿಯಲ್ಲಿ ಹೆಸರು ಕೇಳುತ್ತಾ ಬರೋರು ಸಾಮಾನ್ಯವಾಗಿ ಎಬ್ಬಿಸೋಕೆ ಬಂದವರೇ ಆಗಿರ್ತಾರೆ, ಅವನಿಗೂ ನಿಮ್ಮ ಮೇಲೆ ನಂಬಿಕೆ ಇರಬೇಕಲ್ಲ ಅಂದೆ. "ಅಂವಗ ನನ್ ಮ್ಯಾಲೆ ಯಾಕ ಅನುಮಾನ?" ಅಂತ ಜೋರು ಮಾಡಿದರು, ಆಮೇಲೆ ನಕ್ಕುಬಿಟ್ಟರು.